ನಂಬಿದ ಹೆಂಡತಿ, ನಂಬದ ಗಂಡ

ಗಂಡಹೆಂಡಿರು ಬೇರೆ ಬೇರೆ ಮತದವರಾಗಿದ್ದರೆ ಅದು ಲೋಕಕ್ಕೆ ಕಾಣುವ ಭೇದ. ಮದುವೆಗೆ ಮುನ್ನವೇ ಬಂಧುಗಳು ಅದನ್ನು ಕುರಿತು ಚರ್ಚಿಸಿರುತ್ತಾರೆ; ಗುರುಗಳು ಎಚ್ಚರಿಕೆ ಹೇಳಿರುತ್ತಾರೆ; ಕಾನೂನು ಕೂಡ ತನ್ನ ಮಾತನ್ನು ಆಡಿ ಮುಗಿಸಿರುತ್ತದೆ. ಆದರೆ ಒಂದೇ ಮತದಲ್ಲಿ ಹುಟ್ಟಿ, ಒಂದೇ ಇಗರ್ಜಿಯಲ್ಲಿ ಕೈಹಿಡಿದ ಇಬ್ಬರಲ್ಲಿ ಒಬ್ಬರ ಶ್ರದ್ಧೆ ಮಾತ್ರ ಆರಿಹೋದರೆ, ಆಗ ಹುಟ್ಟುವ ಭೇದ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕ್ಯಾಥೊಲಿಕ್ ದಾಂಪತ್ಯದಲ್ಲಿ ಇದರ ಭಾರ ಇನ್ನೂ ಹೆಚ್ಚು. ಅಲ್ಲಿ ವಿವಾಹವೆಂಬುದು ಒಂದು ಸಂಸ್ಕಾರ; ವಿಚ್ಛೇದನವನ್ನು ಧರ್ಮಸಭೆ ಒಪ್ಪುವುದಿಲ್ಲ. ಹಾಗಿರುವಾಗ ಒಂದೇ ಸೂರಿನ ಕೆಳಗೆ, ಎರಡು ಬಗೆಯ ಮನಸ್ಸಿನಿಂದ, ಜೀವಮಾನವನ್ನು ಕಳೆಯುವುದು ಹೇಗೆ?

ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಫ್ರಾನ್ಸಿನ ಎಲಿಜಬೆತ್ ಲೆಸರ್ ನೆನಪಾಗುತ್ತಾಳೆ. ಅವಳು ಹುಟ್ಟಿದ್ದು 1866ರಲ್ಲಿ, ಪ್ಯಾರಿಸ್ಸಿನ ಅನುಕೂಲವಂತ ಮನೆತನದಲ್ಲಿ. 1889ರಲ್ಲಿ ಫೆಲಿಕ್ಸ್ ಲೆಸರ್ ಎಂಬ ವೈದ್ಯನನ್ನು ಮದುವೆಯಾದಳು. ಅವನದೂ ಭಕ್ತಿವಂತ ಕ್ಯಾಥೊಲಿಕ್ ಕುಟುಂಬವೇ. ಆದರೆ ವೈದ್ಯಕೀಯ ವ್ಯಾಸಂಗದ ಕಾಲದಲ್ಲಿ ಅವನ ನಂಬಿಕೆ ಕಳಚಿಹೋಗಿತ್ತು. ಮದುವೆಗೆ ಸ್ವಲ್ಪ ಮುಂಚೆ ಈ ಸಂಗತಿ ಅವಳಿಗೆ ತಿಳಿಯಿತು. ತಿಳಿದೂ ಒಪ್ಪಿದಳು; ಅವರಲ್ಲಿ ಪರಸ್ಪರ ಪ್ರೀತಿಯಿತ್ತು. ಆ ಪ್ರೀತಿ ಕೊನೆಯವರೆಗೂ ಉಳಿಯಿತೆಂಬುದನ್ನು ಮರೆಯಬಾರದು. ಏಕೆಂದರೆ ಇದು ಮುರಿದ ಸಂಸಾರದ ಕಥೆಯಲ್ಲ.

ಫೆಲಿಕ್ಸ್ ಸುಮ್ಮನಿರಲಿಲ್ಲ. ಹೆಂಡತಿಯನ್ನು ಮೌಢ್ಯದಿಂದ ಬಿಡಿಸುವುದು ತನ್ನ ಕರ್ತವ್ಯವೆಂದೇ ಅವನು ಭಾವಿಸಿದ್ದ. ಕೆಲವು ವರ್ಷಗಳಲ್ಲಿ ಅವಳ ಮತಾಚರಣೆ ಸಡಿಲವಾಯಿತು, ಕಡೆಗೆ ನಿಂತೇಹೋಯಿತು. ಗೆಲುವು ಪೂರ್ಣವಾಗಲೆಂದು ಅವನು ಅರ್ನೆಸ್ಟ್ ರೆನಾನನ ಗ್ರಂಥವನ್ನು ಅವಳ ಕೈಗಿತ್ತ. ಪರಿಣಾಮ ವಿಪರೀತವಾಯಿತು. ಆ ಬರಹದ ಸೊಗಸನ್ನು ಮೆಚ್ಚಬಲ್ಲ ಓದುಗಳೇ ಆಗಿದ್ದ ಎಲಿಜಬೆತ್‌ಗೆ ಅದರ ವಾದದ ಆಧಾರಗಳು ತೆಳುವಾಗಿ ಕಂಡವು. ಹಾಗಾದರೆ ಎದುರು ಪಕ್ಷದ ಮಾತೇನೆಂದು ನೋಡಬೇಕೆಂದು ಅವಳು ಸುವಾರ್ತೆಗಳನ್ನೂ, ಸಂತ ಜೆರೋಮ್, ಥಾಮಸ್ ಅಕ್ವಿನಾಸ್, ಆವಿಲಾದ ತೆರೇಸಾ ಮೊದಲಾದವರ ಕೃತಿಗಳನ್ನೂ ಓದಲಾರಂಭಿಸಿದಳು. ಲ್ಯಾಟಿನ್ ಭಾಷೆಯನ್ನೂ ಕಲಿತಳು. ಗಂಡ ಒಂದು ಪುಸ್ತಕದಿಂದ ಕೆಡವಹೊರಟ ಮನೆಯನ್ನು ಅವಳು ಹತ್ತಾರು ಪುಸ್ತಕಗಳಿಂದ ಮತ್ತೆ ಕಟ್ಟಿಕೊಂಡಳು. 1899ರಿಂದ ಗುಟ್ಟಾಗಿ ಒಂದು ದಿನಚರಿ ಬರೆಯತೊಡಗಿದಳು.

ಈಗ ಅವಳು ಏನು ಮಾಡಬೇಕಿತ್ತು? ವಾದಕ್ಕೆ ವಾದ ಹೂಡಬಹುದಿತ್ತು; ಅದಕ್ಕೆ ಬೇಕಾದ ವಿದ್ಯೆ ಅವಳಲ್ಲಿತ್ತು. ಅದು ಫ್ರಾನ್ಸಿನಲ್ಲಿ ರಾಜ್ಯಕ್ಕೂ ಧರ್ಮಸಭೆಗೂ ಕಾದಾಟ ನಡೆಯುತ್ತಿದ್ದ ಕಾಲ. 1905ರಲ್ಲಿ ಎರಡನ್ನೂ ಬೇರ್ಪಡಿಸುವ ಶಾಸನವೇ ಬಂದಿತು. ಫೆಲಿಕ್ಸನ ಮಿತ್ರರಲ್ಲಿ ಅನೇಕರು ಮತವಿರೋಧಿಗಳು. ಊಟದ ಮೇಜಿನ ಸುತ್ತ ಕುಳಿತು ಅವಳು ಪವಿತ್ರವೆಂದು ನಂಬಿದ್ದನ್ನೆಲ್ಲ ಗೇಲಿ ಮಾಡುತ್ತಿದ್ದರು. ಅವಳು ಅವರಿಗೆ ಬಡಿಸಿದಳು. ಕಲೆ, ಸಾಹಿತ್ಯ, ಪ್ರವಾಸಗಳ ವಿಷಯ ಅವರೊಡನೆ ನಗುನಗುತ್ತ ಮಾತನಾಡಿದಳು. ಮತದ ವಿಷಯಕ್ಕೆ ಬಂದರೆ ವಾದಿಸಲಿಲ್ಲ. ತನ್ನ ಪ್ರಾರ್ಥನೆಗಳಿಂದ ಗಂಡನಿಗೆ ಅನಾನುಕೂಲವಾಗದಂತೆ ನೋಡಿಕೊಂಡಳು. ಆತ್ಮದ ವಿಷಯದಲ್ಲಿ ತಾನು ಒಂಟಿಯೆಂಬ ನೋವನ್ನು ದಿನಚರಿಗೆ ಮಾತ್ರ ಹೇಳಿಕೊಂಡಳು.

ಮುಂದಿನದು ಪ್ರಸಿದ್ಧವಾಗಿದೆ. ದೀರ್ಘಕಾಲದ ಕಾಯಿಲೆಗಳ ಮೇಲೆ ಕ್ಯಾನ್ಸರೂ ಸೇರಿ ಎಲಿಜಬೆತ್ 1914ರ ಮೇ 3ರಂದು ತೀರಿಕೊಂಡಳು. ಅವಳ ಕಾಗದಪತ್ರಗಳಲ್ಲಿ ಫೆಲಿಕ್ಸನಿಗೆ ದಿನಚರಿ ಸಿಕ್ಕಿತು. ಅದನ್ನು ಓದಿ ಅವನು ಬದಲಾದ. 1917ರಲ್ಲಿ ಅದನ್ನು ಪ್ರಕಟಿಸಿದ, 1919ರಲ್ಲಿ ಡೊಮಿನಿಕನ್ ಸಂಘವನ್ನು ಸೇರಿದ, 1923ರಲ್ಲಿ ಪಾದ್ರಿಯಾದ, 1950ರಲ್ಲಿ ಮರಣ ಹೊಂದಿದ. ಉಪದೇಶಕರು ಈ ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿ, ತಾಳಿದವಳು ಗೆದ್ದಳೆಂದು ಹೇಳುತ್ತಾರೆ. ಸಂತ ಅಗಸ್ಟೀನನ ತಾಯಿ ಮೋನಿಕಾಳ ಕಥೆಗೂ ಇದೇ ಮುಕ್ತಾಯ: ಅವಳ ಗಂಡ ಪೆಟ್ರಿಷಿಯಸ್ ಆಯುಷ್ಯದ ಕೊನೆಯಲ್ಲಿ ಕ್ರೈಸ್ತನಾದ.

ಈ ಮುಕ್ತಾಯವೇ ಕಥೆಯ ಸಾರವೆಂಬುದನ್ನು ನಾನು ಒಪ್ಪಲಾರೆ. ಫೆಲಿಕ್ಸ್ ಬದಲಾಗದೆ ಸತ್ತಿದ್ದರೆ ಎಲಿಜಬೆತ್‌ಳ ಬಾಳು ವ್ಯರ್ಥವೆಂದು ಹೇಳುತ್ತಿದ್ದೆವೆ? ಹಾಗೆ ಹೇಳಿದರೆ ಅವಳ ತಾಳ್ಮೆ ಬರಿಯ ಉಪಾಯವಾಗುತ್ತದೆ. ಗಂಡ ಬಲೆಗೆ ಬೀಳಬೇಕಾದ ಬೇಟೆಯಾಗುತ್ತಾನೆ. ಗಂಡನಿಗೆ ಶ್ರದ್ಧೆ ಮರಳಲಿ ಎಂದು ಅವಳು ಪ್ರಾರ್ಥಿಸಿದ್ದು ನಿಜ. ತನ್ನ ದೇಹದ ಸಂಕಟವನ್ನು ಅದಕ್ಕಾಗಿ ದೇವರಿಗೆ ಒಪ್ಪಿಸಿದ್ದೂ ನಿಜ. ಆದರೆ ಪ್ರಾರ್ಥನೆ ದೇವರೊಡನೆ ಆಡುವ ಮಾತು, ಗಂಡನ ಮೇಲೆ ಹೇರುವ ಒತ್ತಾಯವಲ್ಲ. ಈ ಎರಡರ ಅಂತರವನ್ನು ಅರಿತಿದ್ದರಿಂದಲೇ ಆ ಮನೆಯಲ್ಲಿ ಇಪ್ಪತ್ತೈದು ವರ್ಷ ಸ್ನೇಹ ಉಳಿಯಿತು. ನಮಗೆ ಪಾಠವಾಗಬೇಕಾದದ್ದು ಏನೂ ಇತ್ಯರ್ಥವಾಗದೆ ಕಳೆದ ಆ ಇಪ್ಪತ್ತೈದು ವರ್ಷಗಳು. ಅನಂತರ ಬಂದ ಪಾದ್ರಿಯ ನಿಲುವಂಗಿಯಲ್ಲ.

ಧರ್ಮಸಭೆಯ ಕಾನೂನೂ ನಿಧಾನವಾಗಿ ಇದೇ ದಿಕ್ಕಿಗೆ ನಡೆದು ಬಂದಿದೆ ಎಂದು ನನ್ನ ಭಾವನೆ. ಅದು ಹೆಚ್ಚಾಗಿ ಮಾತನಾಡುವುದು ಅನ್ಯಮತೀಯರೊಡನೆ ನಡೆಯುವ ಮದುವೆಯನ್ನು ಕುರಿತು. 1917ರ ಧರ್ಮಸಂಹಿತೆ ಇಬ್ಬರಿಂದಲೂ ವಾಗ್ದಾನ ಕೇಳುತ್ತಿತ್ತು. ಅಷ್ಟೇ ಅಲ್ಲ, ಸಂಗಾತಿಯ ಮತಾಂತರಕ್ಕಾಗಿ ವಿವೇಕದಿಂದ ಯತ್ನಿಸುವುದನ್ನು ಕ್ಯಾಥೊಲಿಕ್ ಪಕ್ಷದ ಕರ್ತವ್ಯವೆಂದೇ ವಿಧಿಸಿತ್ತು. 1970ರಲ್ಲಿ ಆರನೆಯ ಪೌಲ್ ಪೋಪರು ಹೊರಡಿಸಿದ ಆಜ್ಞೆಯಿಂದ ಇದು ಸಡಿಲವಾಯಿತು. 1983ರ ಸಂಹಿತೆಯಂತೆ ವಾಗ್ದಾನ ಕ್ಯಾಥೊಲಿಕ್ ಪಕ್ಷದ್ದು ಮಾತ್ರ: ತನ್ನ ಶ್ರದ್ಧೆಯನ್ನು ಕಾಪಾಡಿಕೊಳ್ಳಬೇಕು, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದುದನ್ನೆಲ್ಲ ಮಾಡಬೇಕು. ಇನ್ನೊಬ್ಬರಿಗೆ ಈ ವಾಗ್ದಾನದ ವಿಷಯ ತಿಳಿಸಿದ್ದರೆ ಸಾಕು. ಮಂಗಳೂರಿನ ದಂಪತಿಗಳಿಗೂ ಪ್ಯಾರಿಸ್ಸಿನವರಿಗೂ ಇದೇ ನಿಯಮ. ಇಷ್ಟಾಗಿಯೂ, ಮದುವೆಯಾದ ಹತ್ತು ವರ್ಷಗಳ ಮೇಲೆ ಒಬ್ಬರ ನಂಬಿಕೆ ಕಳೆದುಹೋದರೆ ಆಗ ತುಂಬಿಕೊಡಬೇಕಾದ ಪತ್ರ ಯಾವುದೂ ಇಲ್ಲ. ಅಲ್ಲಿ ಕಾನೂನು ಕೈಬಿಡುತ್ತದೆ. ದಂಪತಿಗಳೇ ದಾರಿ ಹುಡುಕಿಕೊಳ್ಳಬೇಕು.

ಆ ದಾರಿ ಎಲಿಜಬೆತ್‌ಳ ಮೌನವೇ ಆಗಬೇಕೆ? ಇಲ್ಲಿ ನನಗೆ ಎರಡನೆಯ ಆಕ್ಷೇಪವಿದೆ. ಹೆಂಡತಿಯ ಅಂತರಂಗ ಎಂಥದೆಂದು ಫೆಲಿಕ್ಸನಿಗೆ ಪೂರ್ತಿಯಾಗಿ ತಿಳಿದದ್ದು ಅವಳು ಸತ್ತ ಮೇಲೆ. ತಾನು ಎಷ್ಟು ನೋಯಿಸಿದ್ದೆನೆಂಬ ಅರಿವೂ ಆಗಲೇ ಬಂತು. ಪಶ್ಚಾತ್ತಾಪವನ್ನು ಅವನು ಮುಚ್ಚಿಡಲಿಲ್ಲ. ವಾದವನ್ನು ತಪ್ಪಿಸಿದ ಮೌನ ಪರಿಚಯವನ್ನೂ ತಪ್ಪಿಸಿತ್ತು. ಕ್ಷಮೆ ಕೇಳಬೇಕೆಂದಾಗ ಕೇಳಿಸಿಕೊಳ್ಳುವವಳು ಇರಲಿಲ್ಲ. ಅಲ್ಲದೆ ಮೌನದ ಪಾಲು ಏಕೆ ಯಾವಾಗಲೂ ಹೆಂಡತಿಯದೇ ಆಗಬೇಕು? ಅವಳ ಕಾಲದ ಮನೆ ಅವಳಿಗೆ ಕೊಟ್ಟ ಸ್ಥಾನ ಅದಾಗಿದ್ದಿರಬಹುದು. ಇಂದಿನ ಮನೆಗೆ ಅದು ನ್ಯಾಯವಲ್ಲ.

ವಾದಕ್ಕೂ ಮೌನಕ್ಕೂ ನಡುವೆ ಇನ್ನೊಂದು ದಾರಿಯಿದೆ. ಸಾಧಿಸಿ ತೋರಿಸದೆ, ಸುಮ್ಮನೆ ಹೇಳಿಕೊಳ್ಳುವುದು. "ದೇವರಿದ್ದಾನೆ" ಎಂಬುದು ವಾದದ ವಿಷಯ. "ನನ್ನ ತಾಯಿ ತೀರಿದಾಗ ಪ್ರಾರ್ಥನೆ ನನ್ನನ್ನು ಉಳಿಸಿತು" ಎಂಬುದು ವಾದದ ವಿಷಯವಲ್ಲ. "ನಿನ್ನ ಮತ ಮೌಢ್ಯ" ಎಂಬುದು ಆಕ್ರಮಣ; "ನಾನು ಪ್ರಾರ್ಥಿಸಹೋದರೆ ನನ್ನೊಳಗಿಂದ ಮಾತು ಹೊರಡುವುದಿಲ್ಲ, ಸುಳ್ಳಾಡಲು ಮನಸ್ಸಿಲ್ಲ" ಎಂಬುದು ನಿವೇದನೆ. ನಂಬದವನಿಗೂ ಒಂದು ಪ್ರಾಮಾಣಿಕತೆಯಿದೆಯೆಂದು ನಂಬಿದವಳು ತಿಳಿಯಬೇಕು. ನಂಬಿದವಳಿಗೂ ಒಂದು ವಿಚಾರಶಕ್ತಿಯಿದೆಯೆಂದು ನಂಬದವನು ತಿಳಿಯಬೇಕು. ರೆನಾನನನ್ನು ಕೊಟ್ಟ ಫೆಲಿಕ್ಸನಿಗೆ ಆಗ ತಿಳಿಯದೆ ಹೋದದ್ದು ಇದೇ.

ಲೆಸರ್ ದಂಪತಿಗಳಿಗೆ ಮಕ್ಕಳಿರಲಿಲ್ಲ. ಆದ್ದರಿಂದ ಅತಿ ಕಠಿಣವಾದ ಪರೀಕ್ಷೆ ಅವರ ಮನೆಗೆ ಬರಲೇ ಇಲ್ಲ. ಮಕ್ಕಳಿರುವಲ್ಲಿ ಮೌನ ನಡೆಯುವುದಿಲ್ಲ. ಅಮ್ಮ ಮೊಣಕಾಲೂರುವಾಗ ಅಪ್ಪ ಏಕೆ ಕೋಣೆಯಿಂದ ಹೊರಗೆ ಹೋಗುತ್ತಾನೆಂದು ಐದು ವರ್ಷದ ಮಗು ಕೇಳಿಯೇ ಕೇಳುತ್ತದೆ. ಆಗ ಕೊಡಬೇಕಾದ ಉತ್ತರ ನಿಜವಾದ ಉತ್ತರ: ಅಮ್ಮನಿಗೆ ನಂಬಿಕೆಯಿದೆ, ಅಪ್ಪನಿಗಿಲ್ಲ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವವಿದೆ. ಕೊನೆಯ ಮಾತು ಸುಳ್ಳಾಗಿದ್ದರೆ ಮಗುವಿಗೆ ಅದು ಒಡನೆಯೇ ಗೊತ್ತಾಗುತ್ತದೆ. ಯಾವ ಮತದಲ್ಲಿ ಬೆಳೆಸಬೇಕೆಂಬುದನ್ನು ತಾಯಿತಂದೆ ಮೊದಲೇ ಕೂತು ತೀರ್ಮಾನಿಸಲಿ. ತೀರ್ಮಾನಿಸಿದ ಮೇಲೆ ಅದನ್ನು ಬೆನ್ನ ಹಿಂದೆ ಕೆಡಿಸುವುದು, ಮಗುವನ್ನು ತನ್ನ ಪಕ್ಷದ ಸಾಕ್ಷಿಯಾಗಿ ಮಾಡಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ ಮತಭೇದಕ್ಕಿಂತ ದೊಡ್ಡ ಪಾಪ.

ಭಾನುವಾರ ಬೆಳಗ್ಗೆ ಒಬ್ಬರು ಬಲಿಪೂಜೆಗೆ ಹೊರಡುತ್ತಾರೆ, ಒಬ್ಬರು ಮನೆಯಲ್ಲಿ ಉಳಿಯುತ್ತಾರೆ. ಹೊರಟವರು ನಿಟ್ಟುಸಿರು ಬಿಡದೆ ಹೊರಡಲಿ. ಉಳಿದವರು ನಗೆಯಾಡದೆ ಉಳಿಯಲಿ. ಮರಳಿ ಬಂದಾಗ ಕಾಫಿ ಬಿಸಿಯಾಗಿರಲಿ. ಅದರ ಮುಂದೆ ಕೂತು ಇಬ್ಬರೂ ತಮ್ಮ ತಮ್ಮ ಬೆಳಗು ಹೇಗೆ ಕಳೆಯಿತೆಂದು ಹೇಳಿಕೊಳ್ಳುವಷ್ಟು ಸಲಿಗೆ ಇದ್ದರೆ, ಒಬ್ಬರು ಸತ್ತ ಮೇಲೆ ಇನ್ನೊಬ್ಬರು ದಿನಚರಿಯನ್ನು ಹುಡುಕಿ ಓದಬೇಕಾಗುವುದಿಲ್ಲ.