ಮುಪ್ಪಾದ ಕಟ್ಟೆ

ಬಾವಿಯ ಹಗ್ಗ ಎಷ್ಟು ದಿನ ಬಾಳೀತೆಂಬುದನ್ನು ಗೃಹಿಣಿ ಬಲ್ಲಳು. ಎಳೆ ಬಿಚ್ಚಿಕೊಳ್ಳುವ ಮುನ್ನವೇ ಹೊಸದನ್ನು ತರಿಸುತ್ತಾಳೆ. ನಾಡಿನ ದೊಡ್ಡ ಜಲಾಶಯಗಳ ವಿಷಯದಲ್ಲಿ ಇಷ್ಟು ಎಚ್ಚರವೂ ಇಲ್ಲವೆಂಬುದು 2024ರ ಆಗಸ್ಟ್ 10ರ ರಾತ್ರಿ ಬಯಲಾಯಿತು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು, ಬಾಗಿಲೇ ಹೊಳೆಯ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನಿಳಿಸಿ, ವಾರದೊಳಗೆ ಬಾಯಿ ಮುಚ್ಚಿದುದು ಸಾಹಸವೇ ಸರಿ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನೆನಪಾಗದೆ ಇರಲಿಲ್ಲ.

1953ರಲ್ಲಿ ಮುಗಿದ ಈ ಕಟ್ಟೆ ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹಾಗಾದರೆ ಮುಪ್ಪಾದ ಕಟ್ಟೆಗಳನ್ನು ಒಡೆದು ನದಿಯನ್ನು ಅದರ ಪಾಡಿಗೆ ಬಿಡಬಾರದೇಕೆ? ಅಮೆರಿಕದಲ್ಲಿ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಕಿತ್ತುಹಾಕಲಾಯಿತು. ಆ ಶರತ್ಕಾಲದಲ್ಲಿಯೇ ಸಾಲ್ಮನ್ ಮೀನುಗಳು ತಮ್ಮ ಹಳೆಯ ತವರಿಗೆ ಈಜಿ ಬಂದುವು. ನದಿಗೂ ಹಕ್ಕುಂಟೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಆ ಕಟ್ಟೆಗಳು ವಿದ್ಯುತ್ತಿಗಾಗಿ ಕಟ್ಟಿದವು. ವಿದ್ಯುತ್ತನ್ನು ಬೇರೆಡೆಯಿಂದ ತರಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆಯ ಬದಲು ಏನನ್ನು ತರುವುದು? ಶಹಾಪುರ, ಸುರಪುರಗಳ ಹೊಲಗಳು ನೆಚ್ಚಿರುವುದೂ ನಾರಾಯಣಪುರದ ಬಸವಸಾಗರದ ಕಾಲುವೆಯನ್ನೇ. ಅದು ಕಿರಿಯ ಕಟ್ಟೆ, ದಿಟ. ನಾಳೆ ಅದಕ್ಕೂ ಪ್ರಾಯ ಸಂದೀತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೆ?

ಹಾಗೆಂದು ಉಳಿಸಿಕೊಳ್ಳುವುದು ಪುಕ್ಕಟೆಯ ಮಾತಲ್ಲ. ಹೊಸ ಬಾಗಿಲುಗಳನ್ನು ಕೂರಿಸಬೇಕಾದರೆ ನೀರು ತಗ್ಗಬೇಕು. ಆದಕಾರಣ ಎರಡನೆಯ ಬೆಳೆಗೆ ನೀರಿಲ್ಲವೆಂದು 2025ರ ಕೊನೆಯಲ್ಲಿ ರೈತರಿಗೆ ತಿಳಿಸಲಾಯಿತು. ವರ್ಷಗಳ ಅಲಕ್ಷ್ಯದ ಸಾಲವನ್ನು ಒಂದು ಬೆಳೆಯಿಂದ ತೀರಿಸಿದವರು ಅವರೇ. ಸರಪಳಿಗೆ ಎಣ್ಣೆ ಹಾಕುವ ಹೊಣೆ ಅವರದಾಗಿರಲಿಲ್ಲ. ಕಟ್ಟೆಯನ್ನು ಕಟ್ಟಿದ ದಿನ ಹಾರ ತುರಾಯಿಗಳಿರುತ್ತವೆ, ಒಡೆಯುವ ದಿನ ವಾದ ವಿವಾದಗಳಿರುತ್ತವೆ. ಇವೆರಡರ ನಡುವೆ ವರ್ಷವರ್ಷವೂ ಸದ್ದಿಲ್ಲದೆ ನಡೆಯಬೇಕಾದ ಆರೈಕೆಗೆ ಮಾತ್ರ ಸಭೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಕಟ್ಟೆಯ ಆಯುಷ್ಯ ನಿಂತಿರುವುದು ಅದರ ಮೇಲೆಯೇ. ಇದನ್ನು ಹಗ್ಗ ಬದಲಿಸುವ ಗೃಹಿಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.