ಬೇಸಿಗೆಯ ಬರವಣಿಗೆ, ಮನೆಯ ನಿದ್ದೆ

ಎರಡು ವರ್ಷಗಳ ಹಿಂದೆ ಇದೇ ಆರೋಗ್ಯ ವಿಭಾಗದಲ್ಲಿ ನಾವೊಂದು ಸಲಹೆ ನೀಡಿದ್ದೆವು. ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯಲ್ಲಿರುವಾಗ, ಓದು, ಬರಹ, ಸಂಗೀತಗಳಲ್ಲಿ ಒಲವುಳ್ಳ ತಂದೆ-ತಾಯಂದಿರು ನಸುಕಿನ ನಾಲ್ಕಕ್ಕೆ ಏಳಬೇಕು, ಆ ತಂಪಿನ ಎರಡು ಗಂಟೆಗಳನ್ನು ತಮ್ಮದಾಗಿಸಿಕೊಳ್ಳಬೇಕು ಎಂಬುದು ಅದರ ಸಾರ. ಹಲವರು ಮೆಚ್ಚಿ ಪತ್ರ ಬರೆದರು. ಆ ಸಲಹೆ ಅರ್ಧ ಮಾತ್ರ ಸರಿಯಾಗಿತ್ತೆಂದೂ, ಉಳಿದರ್ಧದಲ್ಲಿ ಅನ್ಯಾಯವಿತ್ತೆಂದೂ ಈಗ ಒಪ್ಪಿಕೊಳ್ಳಬೇಕಾಗಿದೆ.

ಆ ಬೇಸಿಗೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ನಾವೇ ಹಾಗೆ ನಡೆದೆವು. ಏಪ್ರಿಲ್ ಎರಡನೆಯ ವಾರ ಇಬ್ಬರು ಮಕ್ಕಳಿಗೂ ರಜೆ ಬಂದಿತು. ನಾಲ್ಕಕ್ಕೆ ಎದ್ದು ಮಾಳಿಗೆಯ ಮೇಲೆ ಕುಳಿತು ಬರೆದೆವು; ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮಲಗಿ ನಿದ್ದೆಯ ಸಾಲ ತೀರಿಸಿಕೊಂಡೆವು. ಬರಹವೂ ಸಾಗಿತು, ಮೈಯೂ ಹಗುರವೆನಿಸಿತು. ನಮ್ಮ ಕಣ್ಣಿಗೆ ಬೀಳದೆ ಹೋದ ಸಂಗತಿ ಬೇರೆಯಿತ್ತು. ನಾವು ಎದ್ದ ಹೊತ್ತಿಗೇ ಮಡದಿಯೂ ಏಳುತ್ತಿದ್ದಳು. ನಲ್ಲಿಯಲ್ಲಿ ನೀರು ಬರುವುದು ಆ ಹೊತ್ತಿಗೆ. ನೀರು ತುಂಬಿ, ಪೂಜೆಗೆ ಅಣಿಮಾಡಿ, ಅಡುಗೆಗೆ ನಿಂತರೆ ಬಿಸಿಲೇರುವ ಮುನ್ನ ಒಲೆ ಆರಿಸಬೇಕೆಂಬ ಅವಸರ. ಮಧ್ಯಾಹ್ನ ನಾವು ಮಲಗಿದಾಗ ಮಕ್ಕಳು ಸದ್ದು ಮಾಡದಂತೆ ಕಾಯುವ ಕೆಲಸವೂ ಆಕೆಯದೇ. ಆಕೆಗೂ ಒಂದು ಬರವಣಿಗೆಯಿತ್ತು: ಮೊಳಕಾಲ್ಮೂರಿನ ತವರಿನಲ್ಲಿ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದ ಸೋಬಾನೆಯ ಪದಗಳ ನೋಟ್‌ಬುಕ್ಕು. ಹಿರಿಯ ಮಗ ಹುಟ್ಟಿದ ವರ್ಷ ಅದು ಇಪ್ಪತ್ತನೆಯ ಪುಟದಲ್ಲಿ ನಿಂತಿತ್ತು.

ಮೇ ತಿಂಗಳಲ್ಲಿ ತವರಿನ ಮದುವೆಗೆಂದು ತಳುಕು, ಹಾನಗಲ್ ದಾಟಿ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋದೆವು. ಮರುದಿನ ನಡುಹಗಲು ಆಕೆ ತಲೆಸುತ್ತಿ ಬಿದ್ದಳು. ನೆರೆಮನೆ ರೇಷ್ಮೆ ನೇಕಾರರದು. ಕುಣಿಮಗ್ಗದ ಕೋಣೆ ತಂಪಾಗಿರುತ್ತದೆಂದು ಅಲ್ಲಿಗೇ ಎತ್ತಿಕೊಂಡು ಹೋಗಿ ಮಲಗಿಸಿದರು. ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸುತ್ತ ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: “ದಿನಾ ಎಷ್ಟೊತ್ತು ಮಲಗ್ತೀಯವ್ವಾ?” ನಾಲ್ಕೂವರೆ ಗಂಟೆ ಎಂದಳು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಬಾಳಿ, ಆರೋಗ್ಯದ ಅಂಕಣವನ್ನೂ ಬರೆಯುತ್ತಿರುವ ನಮಗೆ ಆ ಲೆಕ್ಕ ತಿಳಿದಿರಲಿಲ್ಲ.

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಯ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿ ರಾತ್ರಿಯೂ ಕಾವು ಉಗುಳುತ್ತಿರುವಾಗ ಆ ಇಳಿಕೆ ತಡವಾಗುತ್ತದೆ, ಗಾಢನಿದ್ದೆ ಕುಗ್ಗುತ್ತದೆ. ಹಿಂದೆ ಅಂಗಳದಲ್ಲಿ, ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುತ್ತಿದ್ದವರು ಇದನ್ನು ಪುಸ್ತಕ ಓದದೆಯೇ ಬಲ್ಲವರಾಗಿದ್ದರು. ಹೀಗೆ ಬೇಸಿಗೆ ತಾನಾಗಿಯೇ ನಿದ್ದೆಯನ್ನು ಕದಿಯುವಾಗ, ಹವ್ಯಾಸಕ್ಕೆಂದು ನಾವೂ ಅದರಿಂದಲೇ ಕದ್ದರೆ ಉಳಿಯುವುದೇನು? ನಿದ್ದೆಗೆಟ್ಟವರ ರಕ್ತದೊತ್ತಡ, ಸಕ್ಕರೆ ಎರಡೂ ಹದ ತಪ್ಪುತ್ತವೆ. ದಣಿದವರಿಗೆ ನೀರು ಕುಡಿಯುವ ನೆನಪೂ ಇರುವುದಿಲ್ಲ. ನೀರು ಕುಡಿಯಿರಿ ಎಂದು ಬರೆಯುವುದು ಸುಲಭ. ನಮ್ಮ ಎರಡೂ ತಾಲ್ಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರಬೇಕು. ಅದನ್ನು ತರುವವರು ಯಾರು, ಯಾವ ಹೊತ್ತಿಗೆ ಎಂಬುದೂ ಆರೋಗ್ಯದ ಪ್ರಶ್ನೆಯೇ.

ಹಾಗಾದರೆ ಮಕ್ಕಳು ದೊಡ್ಡವರಾಗುವವರೆಗೆ ಬರವಣಿಗೆಯನ್ನು ಕಟ್ಟಿಡಲಿ ಎಂದು ಹಿರಿಯರು ಕೆಲವರು ಹೇಳುವುದುಂಟು. ಇದನ್ನು ನಾವು ಒಪ್ಪಲಾರೆವು. ಕದಿರ ರೆಮ್ಮವ್ವೆ ನೂಲುವ ಕಾಯಕದವಳು, ಆಯ್ದಕ್ಕಿ ಲಕ್ಕಮ್ಮ ಅಕ್ಕಿ ಆಯ್ದು ಬಾಳಿದ ದಂಪತಿಗಳಲ್ಲೊಬ್ಬಳು. ಇವರ ವಚನಗಳು ಬಿಡುವು ಸಿಕ್ಕ ಮೇಲೆ ಹುಟ್ಟಿದವಲ್ಲ. ಅಷ್ಟು ದೂರ ಹೋಗುವುದೂ ಬೇಡ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕವಯಿತ್ರಿ ಜಾನಕಮ್ಮನವರು ಕಳೆದ ಶತಮಾನದ ಮೊದಲರ್ಧದಲ್ಲಿ ಗೃಹಿಣಿಯಾಗಿದ್ದುಕೊಂಡೇ ಕವಿತೆ ಬರೆದರು, ಮುಪ್ಪು ಕಾಣುವ ಮುನ್ನವೇ ತೀರಿಕೊಂಡರು. ಮಕ್ಕಳು ದೊಡ್ಡವರಾಗಲೆಂದು ಅವರು ಕಾದಿದ್ದರೆ ನಮಗೆ ಒಂದು ಸಾಲೂ ದಕ್ಕುತ್ತಿರಲಿಲ್ಲ. ಅವರ ಸೋದರ ಬೆಳಗೆರೆ ಕೃಷ್ಣಶಾಸ್ತ್ರಿಗಳಿಗೆ ದೀರ್ಘಾಯುಷ್ಯ ಒದಗಿತು. ಈ ಅಕ್ಕ-ತಮ್ಮಂದಿರ ಊರಿನ ಮುಂದೆ ಹಾದುಹೋಗುವಾಗಲೆಲ್ಲ ನಮಗೆ ನೆನಪಾಗುವುದು ಅಕ್ಕನೇ.

ಬರವಣಿಗೆ ಮೈಗೂ ಹಿತ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ, ಮನಸ್ಸಿಗೆ ಪೆಟ್ಟಾದ ಸಂಗತಿಯನ್ನು ಅದರ ನೋವಿನ ಸಮೇತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಇತರರಿಗಿಂತ ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಫಲ ಇಷ್ಟು ಸ್ಪಷ್ಟವಾಗಿ ಕಂಡಿಲ್ಲವಾದ್ದರಿಂದ ಇದನ್ನು ಔಷಧವೆಂದು ಸಾರುವುದು ಬೇಡ. ನಮ್ಮ ಗಮನ ಸೆಳೆಯುವುದು ಆ 15 ನಿಮಿಷ. ಎರಡು ಗಂಟೆ ಬೇಕೆಂದು ಹಟ ಹಿಡಿದದ್ದೇ ನಮ್ಮ ಮೊದಲ ತಪ್ಪು.

ಮೊಳಕಾಲ್ಮೂರಿನ ಆ ಮಗ್ಗದ ಮನೆಯಲ್ಲಿ ಇನ್ನೊಂದನ್ನೂ ಕಂಡೆವು. ಮಗು ಅತ್ತರೆ ಸೊಸೆ ಲಾಳಿಯನ್ನು ಅಲ್ಲೇ ಬಿಟ್ಟು ಏಳುತ್ತಾಳೆ. ಹಿಂತಿರುಗಿ ಬಂದಾಗ ನೇಯ್ಗೆ ನಿಂತಲ್ಲೇ ಇರುತ್ತದೆ, ಅಲ್ಲಿಂದ ಮುಂದುವರಿಸುತ್ತಾಳೆ. ನಾವೀಗ ವಾಕ್ಯವನ್ನು ಬೇಕೆಂದೇ ನಡುವೆ ನಿಲ್ಲಿಸಿ ಏಳುತ್ತೇವೆ. ಮರುದಿನ ಎಲ್ಲಿಂದ ಆರಂಭಿಸಲಿ ಎಂದು ಕಾಲ ಕಳೆಯಬೇಕಾಗಿಲ್ಲ.

ಈಗ ನಮ್ಮ ಮನೆಯಲ್ಲಿ ಮೊದಲು ಬರೆಯುವುದು ನಿದ್ದೆಯ ಲೆಕ್ಕ. ಕ್ಯಾಲೆಂಡರಿನಲ್ಲಿ ದಿನಾಂಕದ ಪಕ್ಕ ಇಬ್ಬರೂ ಮಲಗಿದ ಗಂಟೆಗಳು. ಯಾರದು 7ಕ್ಕಿಂತ ಕಡಿಮೆಯೋ ಅವರಿಗೆ ಮಧ್ಯಾಹ್ನದ ಮಂಚ. ಇನ್ನೊಬ್ಬರು ಮಕ್ಕಳ ಕಾವಲು. ನೀರು ಹಿಡಿಯುವುದು ಸರದಿಯ ಮೇಲೆ. ರಾಗಿ ಅಂಬಲಿಯನ್ನು ರಾತ್ರಿಯೇ ಕಾಯಿಸಿಡುವುದು ನಮ್ಮ ಪಾಲು; ಮುಂಜಾನೆ ಮಜ್ಜಿಗೆ, ಉಪ್ಪು ಬೆರೆಸಿದರೆ ತಿಂಡಿಯ ಒಲೆ ಉರಿಯುವುದೇ ಬೇಡ. ಮೊದಮೊದಲು ಗಂಟುಗಂಟಾಗಿತ್ತೆಂಬುದನ್ನು ಮಕ್ಕಳು ಇನ್ನೂ ನೆಂಟರೆದುರು ಹೇಳುತ್ತಾರೆ. ಮಲಗುವ ಮುನ್ನ ಮರುದಿನದ ಕೆಲಸಗಳನ್ನು ಚೀಟಿಯಲ್ಲಿ ಬರೆದಿಡುತ್ತೇವೆ. ಹೀಗೆ ಐದು ನಿಮಿಷ ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತೆಂದು ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ್ದಾರೆ. ಒಂಬತ್ತು ನಿಮಿಷ ಅಲ್ಪವೆನ್ನುವವರು ಪಂಖ ನಿಂತ ಮೇ ತಿಂಗಳ ರಾತ್ರಿಯನ್ನು ನೆನೆಯಲಿ.

ಬಿಸಿಲಿನಲ್ಲಿ ಯಾರಾದರೂ ತಲೆಸುತ್ತಿ ಬಿದ್ದು, ಎಚ್ಚರವಿದ್ದರೆ, ನೆರಳಿಗೆ ತಂದು ಮೈ ಒದ್ದೆ ಮಾಡಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಮಾತು ತೊದಲಿದರೆ, ಮೈ ಸುಡುತ್ತಿದ್ದು ಪ್ರಜ್ಞೆ ಮಸುಕಾದರೆ ಬಾಯಿಗೆ ಏನೂ ಹಾಕದೆ ಮೈ ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡತಕ್ಕದ್ದು.

ಸಂಜೆ ಆರರಿಂದ ಏಳರವರೆಗೆ ಮಕ್ಕಳನ್ನು ಆಟಕ್ಕೆ ಕರೆದೊಯ್ಯುವವರು ನಾವು. ಆ ಒಂದು ಗಂಟೆ ಮಡದಿಯ ನೋಟ್‌ಬುಕ್ಕಿನದು. ಕೆಲವು ದಿನ ಬರೆಯುತ್ತಾಳೆ, ಕೆಲವು ದಿನ ಸುಮ್ಮನೆ ಕೂರುತ್ತಾಳೆ, ನಾವು ಕೇಳುವುದಿಲ್ಲ. ಈ ಬೇಸಿಗೆ ಮೂವತ್ನಾಲ್ಕನೆಯ ಪುಟದಲ್ಲಿದ್ದಾಳೆ. ಅಜ್ಜಿ ಈಗಿಲ್ಲವಾದ್ದರಿಂದ ಮರೆತ ಸಾಲುಗಳನ್ನು ಆ ನೇಕಾರರ ಮನೆಯ ಅಜ್ಜಿಗೆ ಫೋನು ಮಾಡಿ ಕೇಳುತ್ತಾಳೆ. ನಮ್ಮ ಬರಹದ ವೇಗ ಇಳಿದಿದೆ. ಈ ಲೇಖನಕ್ಕೆ ಒಂಬತ್ತು ದಿನ ಹಿಡಿದು, ಸಂಪಾದಕರಿಗೆ ಎರಡು ದಿನ ತಡವಾಗಿ ತಲುಪಿತು.