ಕರ್ಸರ್ ಇದ್ದಲ್ಲೇ ಇರಲಿ

ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನಗಳು ಬಂದರೆ ತಿಲಕನಗರ, ಗುರಪ್ಪನಪಾಳ್ಯದ ಸೈಬರ್ ಸೆಂಟರ್‌ಗಳಲ್ಲಿ ನಮ್ಮಂಥ ವಿದ್ಯಾರ್ಥಿಗಳದೇ ಗುಂಪು. ಫೋನ್ ಎಲ್ಲರ ಕೈಯಲ್ಲೂ ಇದೆ. ಆದರೂ ದುಡ್ಡು ಕೊಟ್ಟು ಬೇರೆಯವರಿಂದ ಟೈಪ್ ಮಾಡಿಸುತ್ತೇವೆ. ಕೇಳಿದರೆ "ನಮಗೆ ಸರಿಯಾಗಿ ಬರಲ್ಲ" ಎನ್ನುತ್ತೇವೆ. ನನ್ನ ಅಭಿಪ್ರಾಯದಲ್ಲಿ ಬಾರದಿರುವುದು ನಮಗಲ್ಲ, ಆ ಫಾರ್ಮ್ ಮಾಡಿದವರಿಗೆ.

ಕಳೆದ ವರ್ಷ ನಾನು ತುಂಬಿದ ಒಂದು ಅರ್ಜಿಯಲ್ಲಿ ಅಬ್ಬಾ ಹೆಸರಿನ ನಡುವೆ ಎರಡಕ್ಷರ ಸೇರಿಸಬೇಕಿತ್ತು. ಮೊದಲನೆಯದು ಸರಿಯಾದ ಜಾಗದಲ್ಲಿ ಬಿತ್ತು, ಎರಡನೆಯದು ಹೆಸರಿನ ಕೊನೆಗೆ ಹೋಯಿತು. ಕಾರಣ ಸರಳ. ಒಂದೊಂದು ಅಕ್ಷರ ಒತ್ತಿದಾಗಲೂ ಆ ಪುಟದ ಕೋಡ್ ಇಡೀ ಹೆಸರನ್ನು ದೊಡ್ಡಕ್ಷರಕ್ಕೆ ಬದಲಿಸಿ ಪೆಟ್ಟಿಗೆಗೆ ಮತ್ತೆ ತುಂಬುತ್ತದೆ. ಹಾಗೆ ಬೇರೆ ಪಠ್ಯ ತುಂಬಿದರೆ ಕರ್ಸರ್ ಕೊನೆಗೆ ಹೋಗಬೇಕೆಂಬುದು ಎಚ್‌ಟಿಎಂಎಲ್ ನಿಯಮ. ಬ್ರೌಸರ್‌ನ ತಪ್ಪೇನೂ ಇಲ್ಲ. ಬದಲಿಸುವ ಮುಂಚೆ 'ಸೆಲೆಕ್ಷನ್‌ಸ್ಟಾರ್ಟ್' ನೋಡಿಟ್ಟುಕೊಂಡು, ಆಮೇಲೆ 'ಸೆಟ್‌ಸೆಲೆಕ್ಷನ್‌ರೇಂಜ್'ನಿಂದ ಕರ್ಸರನ್ನು ಅಲ್ಲಿಗೇ ತಂದರೆ ಆಯಿತು. ಎರಡು ಸಾಲಿನ ಕೆಲಸ. ಇನ್ನೂ ಒಳ್ಳೆಯದೆಂದರೆ, ಟೈಪ್ ಮಾಡುತ್ತಿರುವಾಗ ಸುಮ್ಮನಿದ್ದು, ಪೆಟ್ಟಿಗೆ ಬಿಟ್ಟು ಹೊರಬಂದ ಮೇಲೆ ಬದಲಿಸುವುದು. ಹೆಸರು ಮಾರ್ಕ್ಸ್ ಕಾರ್ಡಿಗೆ ಹೊಂದದಿದ್ದರೆ ಅಲೆದಾಡುವವರು ನಾವು ತಾನೇ?

ಕನ್ನಡದಲ್ಲಿ ಇನ್ನೊಂದು ತೊಡಕಿದೆ. 'ನಸ್ರೀನ್' ಎಂದು ಬರೆದರೆ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಏಳು. 'ಸ್ರೀ' ಒಂದರಲ್ಲೇ ಸ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಎಂದು ನಾಲ್ಕು. ಬ್ಯಾಕ್‌ಸ್ಪೇಸ್ ಒತ್ತಿದಾಗ ಇವು ಒಂದೊಂದಾಗಿ ಅಳಿಯುವುದಕ್ಕೆ ನನ್ನ ಆಕ್ಷೇಪವಿಲ್ಲ, ದೀರ್ಘವೊಂದನ್ನೇ ತಿದ್ದಲು ಅದು ಅನುಕೂಲ. ಆದರೆ ಕಣ್ಣಿಗೆ ಕಾಣುವ ಅಕ್ಷರ ಎಣಿಸಿ ಕೋಡ್ ಕರ್ಸರನ್ನು ಕೂರಿಸಿದರೆ ಅದು ಒತ್ತಕ್ಷರದ ಹೊಟ್ಟೆಯೊಳಗೇ ಕೂರುತ್ತದೆ. ಉರ್ದುವಿನಲ್ಲಿ ಹೆಸರು ಬಲದಿಂದ ಎಡಕ್ಕೆ, ನಡುವಿನ ಅಂಕಿ ಎಡದಿಂದ ಬಲಕ್ಕೆ. ಪೆಟ್ಟಿಗೆಗೆ 'ಡಿಐಆರ್ ಆಟೊ' ಎಂಬ ಒಂದು ಪದ ಸೇರಿಸಿದರೆ ಬರವಣಿಗೆಯಾದರೂ ಸರಿಯಾದ ಬದಿಯಿಂದ ಶುರುವಾಗುತ್ತದೆ.

ವಿಳಾಸದ ಪೆಟ್ಟಿಗೆಯ ಕತೆ ಬೇರೆ. ಮನೆ ನಂಬರ್, ಅಡ್ಡರಸ್ತೆ, ಮುಖ್ಯರಸ್ತೆ, ಮಸೀದಿ ಹತ್ತಿರ, ಬಿಟಿಎಂ ಲೇಔಟ್ 2ನೇ ಹಂತ... ನಮ್ಮ ಕಡೆಯ ವಿಳಾಸ ಒಂದು ಸಾಲಿಗೆ ಬಗ್ಗುವಂಥದಲ್ಲ. ಒಂದೇ ಸಾಲಿನ ಪೆಟ್ಟಿಗೆಯಲ್ಲಿ ಮುಂದಿನದು ಬರೆಯುವಷ್ಟರಲ್ಲಿ ಮನೆ ನಂಬರ್ ಸರಿದು ಮರೆಯಾಗುತ್ತದೆ. ಬೆರಳಿಂದ ಎಳೆದರೆ ಎಷ್ಟೋ ಸಲ ಪೆಟ್ಟಿಗೆಯ ಬದಲು ಪುಟವೇ ಸರಿಯುತ್ತದೆ. ನಾಲ್ಕು ಸಾಲಿನ 'ಟೆಕ್ಸ್ಟ್‌ಏರಿಯಾ' ಕೊಟ್ಟರೆ ಯಾರಿಗೇನು ನಷ್ಟ?

ಮುಂದೆ ಇಂಥ ಫಾರ್ಮ್ ಮಾಡುವವರು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಾವೇ. ಆದ್ದರಿಂದ ನನ್ನದೊಂದು ಸಲಹೆ: ಕಾಲೇಜಿಗಾಗಿ ಯಾವುದೇ ಪುಟ ಮಾಡಿದರೂ ಪ್ರಕಟಿಸುವ ಮೊದಲು ಕನ್ನಡ ಮತ್ತು ಉರ್ದು ಉಪನ್ಯಾಸಕರನ್ನು ಲ್ಯಾಬಿಗೆ ಕರೆಯೋಣ. ತಮ್ಮ ಹೆಸರು ಬರೆದು, ನಡುವಿನ ಒಂದಕ್ಷರ ಅಳಿಸಿ, ಮತ್ತೆ ಬರೆಯಿರಿ ಎಂದು ಕೇಳೋಣ. ಫೋನಿನಲ್ಲೂ ಒಮ್ಮೆ.